ಹಳೇ ಆಫೀಸ್ ಸಿಪಿಯುಗೆ ಗ್ರಾಫಿಕ್ಸ್ ಕಾರ್ಡ್: 275 ವ್ಯಾಟ್ ಎಸ್‌ಎಂಪಿಎಸ್ ತಡೆಯುತ್ತಾ?

ಕೊಬ್ಬರಿ_ಕ್ಯಾಮೆರಾ · ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತಿಪಟೂರಲ್ಲಿ ಪುಟ್ಟ ಸ್ಟುಡಿಯೋ ಇಟ್ಕೊಂಡಿದ್ದೀನಿ. ಮದುವೆ, ನಾಮಕರಣ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವ, ಯಾರು ಕರೆದರೂ ಹೋಗ್ತೀನಿ. ಎಡಿಟಿಂಗಿಗೆ ಇರೋದು ಡೆಲ್ ಆಪ್ಟಿಪ್ಲೆಕ್ಸ್ 7010. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ತಂದಿದ್ದು. ಯಾವುದೋ ಆಫೀಸಿಂದ ಹೊರಬಂದ ಮಾಲು, ಬೆನ್ನ ಮೇಲೆ ಅವರ ನಂಬರಿನ ಸ್ಟಿಕ್ಕರ್ ಇನ್ನೂ ಹಾಗೇ ಇದೆ. ಐ5-3470, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 10.

ಇಷ್ಟು ದಿನ ನನ್ನ ಕ್ಯಾಮೆರಾದ ಫುಲ್ ಎಚ್‌ಡಿ ಫೈಲು ಹೇಗೋ ಓಡ್ತಿತ್ತು. ಈಗ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಎಲ್ಲರೂ ಫೋನಲ್ಲಿ ತೆಗೆದ 4ಕೆ ಕ್ಲಿಪ್ ತಂದು "ಇದನ್ನೂ ಒಂಚೂರು ಸೇರಿಸ್ಬಿಡಿ" ಅಂತಾರೆ. ಟೈಮ್‌ಲೈನಿಗೆ ಹಾಕಿದರೆ ಮುಗೀತು. ವರ ತಾಳಿ ಎತ್ತಿದ ಕೈ ಎತ್ತಿದ ಹಾಗೇ ನಿಂತಿರುತ್ತೆ, ವಾಲಗ ಮಾತ್ರ ಮುಂದೆ ಓಡ್ತಿರುತ್ತೆ.

ಬಜೆಟ್ ಹತ್ತು ಸಾವಿರ. ಒಳಗೆ ಕರೆಂಟ್ ಹಂಚೋ ಡಬ್ಬಿ, ಅಂದ್ರೆ ಎಸ್‌ಎಂಪಿಎಸ್, ಅದರ ಮೇಲೆ 275 ವ್ಯಾಟ್ ಅಂತಿದೆ. ಮಾನಿಟರ್ ಹಳೇದು, ವಿಜಿಎ ಬಿಟ್ಟು ಬೇರೇನೂ ಇಲ್ಲ, ಹಾಗಾಗಿ ವಿಜಿಎ ಇರೋ ಕಾರ್ಡೇ ಬೇಕು. ಆನ್‌ಲೈನಲ್ಲಿ ಜಿಟಿಎಕ್ಸ್ 1050 ಟಿಐ 4 ಜಿಬಿ ಒಂದು ಕಂಡಿದೆ. ಹೊಸದಂತೆ, ವಿಜಿಎ ಪೋರ್ಟೂ ಇದೆ, 4,200 ರೂಪಾಯಿ. ಆರ್ಡರ್ ಒತ್ತಿಬಿಡಲಾ?

ಹುಬ್ಬಳ್ಳಿ_ಸ್ಕ್ರೂಡ್ರೈವರ್ · ಶನಿವಾರ, ರಾತ್ರಿ 9:58

ಒತ್ತಬ್ಯಾಡ್ರಿ! ಮೊದಲು ಕೈ ಹಿಂದಕ್ಕ ತಗೋರಿ, ಆಮ್ಯಾಲೆ ಓದ್ರಿ.

ವಿಜಿಎ ಐತಿ ಅಂತ ನೀವು ಖುಷಿ ಪಟ್ಟೀರಿ. ಅದು ನಕಲಿ ಮಾಲು ಅನ್ನೂದಕ್ಕ ಅದ ಸಾಕ್ಷಿ. 1050 ಟಿಐ ಬಂದದ್ದು 2016ರ ಅಕ್ಟೋಬರ್‌ದಾಗ, ಪಾಸ್ಕಲ್ ಅನ್ನೂ ಚಿಪ್ ಪೀಳಿಗೆ. ಆ ಪೀಳಿಗೆಯಿಂದ ಚಿಪ್ ಮಾಡೂ ಎನ್ವಿಡಿಯಾದವ್ರು ವಿಜಿಎಗೆ ಬೇಕಾದ ಅನಲಾಗ್ ಸಿಗ್ನಲ್ಲನ್ನ ಚಿಪ್ಪಿನಿಂದನ ತಗದು ಹಾಕ್ಯಾರ. ಅಸಲಿ 1050 ಟಿಐ ಹಿಂದ ಎಚ್‌ಡಿಎಂಐ ಇರ್ತದ, ಡಿಸ್‌ಪ್ಲೇಪೋರ್ಟ್ ಇರ್ತದ, ಡಿವಿಐ-ಡಿ ಇರ್ತದ. ನೀಲಿ ಬಣ್ಣದ ವಿಜಿಎ ಇರೂದ ಇಲ್ಲ.

ಹಂಗಾದ್ರ ಆ ಡಬ್ಬಿಯೊಳಗ ಏನಿರ್ತದ? ಸಾಮಾನ್ಯ ಜಿಟಿಎಸ್ 450 ಇಲ್ಲಾ ಜಿಟಿಎಕ್ಸ್ 550 ಟಿಐ. 2010–11ರ ಮಾಲು. ಒಳಗಿನ ಬಯೋಸ್ ಅನ್ನೂ ಮೂಲ ಸಾಫ್ಟ್‌ವೇರ್ ತಿದ್ದಿ "ನಾನು 1050 ಟಿಐ" ಅಂತ ಸುಳ್ಳು ಹೇಳಿಸಿರ್ತಾರ. 768 ಕೋರ್ ಇರಬೇಕಾದಲ್ಲಿ 192 ಇರ್ತಾವ. 4 ಜಿಬಿ ಅಂತ ತೋರಸ್ತದ, ಒಳಗ ಒಂದ ಜಿಬಿ ಇದ್ರ ನಿಮ್ಮ ಪುಣ್ಯ. ಅದು ತುಂಬಿದ ಕೂಡಲೆ ಪರದೆ ಮ್ಯಾಲೆ ಹೋಳಿ ಹಬ್ಬ. ಈಗಿನ ಡ್ರೈವರ್ ಹಾಕಾಕ ಹೋದ್ರ ಕೂರೂದ ಇಲ್ಲ.

ಇಂಥಾದ್ದೊಂದು ನಮ್ಮ ಅಂಗಡಿಗೂ ಬಂದಿತ್ತು. ಕಾಲೇಜು ಹುಡುಗ, ಪಾಪ, ಪಾಕೆಟ್ ಮನಿ ಕೂಡಿಸಿ ತರಿಸಿದ್ದ. ಜಿಪಿಯು-ಝಡ್ ಅನ್ನೂ ಪುಕ್ಕಟೆ ಸಾಫ್ಟ್‌ವೇರ್ ಐತಿ, ಅದನ್ನ ತಗದ ಕೂಡಲೆ ಹೆಸರಿನ ಮುಂದ "ಫೇಕ್" ಅಂತ ಬಂತು. ಹುಡುಗನ ಮಾರಿ ನೋಡಾಕ ಆಗಲಿಲ್ಲ.

ಕೊಬ್ಬರಿ_ಕ್ಯಾಮೆರಾ · ಶನಿವಾರ, ರಾತ್ರಿ 10:05

ಅಯ್ಯೋ ದೇವರೇ. ಕಾರ್ಟಿಗೆ ಹಾಕಾಗಿತ್ತು, ತೆಗೆದೆ. ಹಾಗಾದ್ರೆ ನನ್ನ ಮಾನಿಟರಿಗೆ ಏನು ಗತಿ?

ಮೈಸೂರು_ಕೀಫ್ರೇಮ್ · ಶನಿವಾರ, ರಾತ್ರಿ 10:31

ಮಾನಿಟರಿಗೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸೋ ಕನ್ವರ್ಟರ್ ಸಿಗುತ್ತೆ. ಕೆಲವು ನೂರು ರೂಪಾಯಿ ಅಷ್ಟೇ. ಒಳಗೆ ಪುಟ್ಟ ಚಿಪ್ ಇರೋದನ್ನೇ ತಗೊಳ್ಳಿ. ಡಿವಿಐಗೆ ಸಿಕ್ಕಿಸೋ ಆ ಬಿಳಿ ಪ್ಲಾಸ್ಟಿಕ್ ಅಡಾಪ್ಟರ್ ಇರುತ್ತಲ್ಲ, ಅದು ಈ ಕಾರ್ಡುಗಳಲ್ಲಿ ಕೆಲಸ ಮಾಡಲ್ಲ. ಅದು ಪಿನ್ ಜೋಡಿಸುತ್ತೆ ಅಷ್ಟೇ, ಸಿಗ್ನಲ್ ಬದಲಿಸಲ್ಲ. ಆದರೆ ಬಣ್ಣ ನೋಡಿ ದುಡಿಯೋ ಕೆಲಸ ನಿಮ್ಮದು. ವಿಜಿಎ ಮಾನಿಟರಲ್ಲಿ ಮದುಮಗಳ ಸೀರೆಯ ಕೆಂಪು ಯಾವ ಕೆಂಪು ಅಂತ ಹೇಗೆ ತೀರ್ಮಾನ ಮಾಡ್ತೀರಿ? ಮುಂದಿನ ದುಡ್ಡು ಬಂದಾಗ ಮೊದಲು ಅದನ್ನ ಬದಲಾಯಿಸಿ.

ಈಗ ಅಸಲಿ ವಿಷಯ. ಕಾರ್ಡ್ ಬೇಕೋ ಬೇಡವೋ ಅನ್ನೋದನ್ನೇ ಮೊದಲು ನೋಡೋಣ. ಫೋನಿನ ಕ್ಲಿಪ್ ಯಾಕೆ ಮುಗ್ಗರಿಸುತ್ತೆ ಗೊತ್ತಾ? 4ಕೆ ಅನ್ನೋದು ಅರ್ಧ ಕಾರಣ. ಇನ್ನರ್ಧ, ಆ ಫೈಲು ಎಚ್‌ಇವಿಸಿ ಅನ್ನೋ, ವಿಡಿಯೋ ಕುಗ್ಗಿಸೋ ವಿಧಾನದಲ್ಲಿ ಇರೋದು. ಐಫೋನುಗಳು 2017ರ ಐಒಎಸ್ 11ರಿಂದ ಹಾಗೆ ರೆಕಾರ್ಡ್ ಮಾಡ್ತಿವೆ, ಆಂಡ್ರಾಯ್ಡಲ್ಲೂ ಬಹಳ ಫೋನುಗಳಲ್ಲಿ ಆ ಆಯ್ಕೆ ಇದೆ. ನಿಮ್ಮ ಪ್ರೊಸೆಸರ್ 2012ರದ್ದು. ಅದರೊಳಗಿನ ಎಚ್‌ಡಿ 2500 ಗ್ರಾಫಿಕ್ಸಿಗೆ ಅದಕ್ಕಿಂತ ಹಳೇ ಎಚ್.264 ವಿಧಾನ ಬಿಚ್ಚೋದು ಗೊತ್ತು, ಎಚ್‌ಇವಿಸಿ ಗೊತ್ತಿಲ್ಲ. ಪೂರ್ತಿ ಭಾರ ನಾಲ್ಕು ಕೋರುಗಳ ಮೇಲೆ ಬೀಳುತ್ತೆ.

ಇದಕ್ಕೆ ಬಿಟ್ಟಿ ಉಪಾಯ ಪ್ರಾಕ್ಸಿ. ರಾತ್ರಿ ಮಲಗೋಕೆ ಮುಂಚೆ ಎಲ್ಲ ಕ್ಲಿಪ್ಪಿಗೂ ಸಣ್ಣ ಗಾತ್ರದ ಪ್ರತಿ ಮಾಡೋಕೆ ಹಾಕಿ, ಬೆಳಿಗ್ಗೆ ಆ ಪ್ರತಿಯ ಮೇಲೆ ಎಡಿಟ್ ಮಾಡಿ, ಕೊನೆಗೆ ಎಕ್ಸ್‌ಪೋರ್ಟ್ ಮಾತ್ರ ಮೂಲ ಫೈಲಿಂದ. ನಾನು ಎರಡು ವರ್ಷ ಹೀಗೇ ಬದುಕಿದೀನಿ. ಹತ್ತು ಸಾವಿರದಲ್ಲಿ 16 ಜಿಬಿ ರ‍್ಯಾಮ್ ಮಾಡ್ಕೊಂಡು ಉಳಿದಿದ್ದನ್ನ ಮಾನಿಟರಿಗೆ ಇಡಿ ಅನ್ನೋದು ನನ್ನ ಅಭಿಪ್ರಾಯ.

ಹುಬ್ಬಳ್ಳಿ_ಸ್ಕ್ರೂಡ್ರೈವರ್ · ಭಾನುವಾರ, ಬೆಳಿಗ್ಗೆ 7:12

ಮೇಡಂ ಹೇಳಿದ್ದು ಖರೆ ಐತಿ, ಆದ್ರ ಪೂರ್ತಿ ಒಪ್ಪಂಗಿಲ್ಲ. ಮದುವಿ ಸೀಸನ್‌ದಾಗ ಒಂದ ವಾರಕ್ಕ ನಾಕು ಮದುವಿ ಇದ್ದಾಗ ರಾತ್ರಿ ಪ್ರಾಕ್ಸಿ ಹಚ್ಚಿ ಮುಂಜಾನೆ ತನಕ ಕೂಡಾಕ ಟೈಮ್ ಎಲ್ಲೈತ್ರಿ? ನಡುವ ಕರೆಂಟ್ ಹೋತಂದ್ರ ಮತ್ತ ಮೊದಲಿಂದ. ಜಿಟಿಎಕ್ಸ್ 1650 ಹಾಕಿದ್ರ ಎಚ್‌ಇವಿಸಿ ಬಿಚ್ಚೂದನ್ನೂ ಅದ ನೋಡ್ಕೋತದ, ಎಕ್ಸ್‌ಪೋರ್ಟನ್ನೂ ಅದ ಮಾಡ್ತದ.

275 ವ್ಯಾಟ್ ಸಾಲ್ತದೇನು ಅಂತ ಕೇಳಿದ್ರಿ. ಕೂಡಿಸಿ ನೋಡ್ರಿ. ಐ5-3470 ಹೆಚ್ಚಂದ್ರ 77 ವ್ಯಾಟ್. ಕಾರ್ಡ್ 75. ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನ್ ಎಲ್ಲಾ ಸೇರಿ 40 ಹಿಡೀರಿ. 200ರ ಒಳಗ ಆತು. ಕಾರ್ಡಿನ ಡಬ್ಬಿ ಮ್ಯಾಲೆ 300 ವ್ಯಾಟ್ ಬೇಕು ಅಂತ ಬರದಿರ್ತಾರ. ಅದು ಹೆಸರಿಗೆ 450, ಒಳಗ 200 ಇರೂ ಅಗ್ಗದ ಎಸ್‌ಎಂಪಿಎಸ್ ಹಾಕ್ಕೊಂಡವ್ರನ್ನ ಲೆಕ್ಕಕ್ಕ ಹಿಡದು ಬರದದ್ದು. ನಿಮ್ಮ ಡಬ್ಬಿಯೊಳಗಿನ ಕಂಪನಿ ಎಸ್‌ಎಂಪಿಎಸ್ 275 ಅಂದ್ರ 275 ಕೊಡ್ತದ.

ಆದ್ರ ಒಂದ ಮಾತು. ಅದರಿಂದ ಕಾರ್ಡಿಗೆ ಅಂತ 6 ಪಿನ್ನಿನ ವೈರ್ ಬರಂಗಿಲ್ಲ. ಕಾರ್ಡ್ ಕೂರೂ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೊಡೂದು 75 ವ್ಯಾಟ್, ಅದರ ಮ್ಯಾಲೆ ಬೇಡಿದ್ರ ಕೊಡಾಕ ಅದರ ಹತ್ರ ಇಲ್ಲ. ಹಂಗಾಗಿ ವೈರ್ ಕೇಳದ 1650 ಹುಡುಕ್ರಿ. ಅದ ಹೆಸರಿನಾಗ 6 ಪಿನ್ ಇರೂವೂ ಅದಾವ, ಫೋಟೋದಾಗ ಕಾರ್ಡಿನ ತಲಿ ಕಡೆ ನೋಡಿ ಖಾತ್ರಿ ಮಾಡ್ಕೋರಿ. ಅಂಗಡ್ಯಾವ "ಡಿಸ್ಕಿಗೆ ಕರೆಂಟ್ ಕೊಡೂ ಸಾಟಾ ವೈರಿಂದ 6 ಪಿನ್ ಮಾಡಿಕೊಡ್ತೀನಿ" ಅಂದ್ರ ನಮಸ್ಕಾರ ಹೇಳಿ ಹೊರಗ ಬರ್ರಿ. ಸಾಟಾ ಕನೆಕ್ಟರಿನ 12 ವೋಲ್ಟ್ ಪಿನ್ನು ಎಲ್ಲಾ ಸೇರಿ 54 ವ್ಯಾಟಿಗೆ ಮಾಡಿದ್ದು. 6 ಪಿನ್ 75 ಕೇಳ್ತದ. ಪ್ಲಾಸ್ಟಿಕ್ ಕರಗಿದ ವಾಸನಿ ನನಗ ಗೊತ್ತೈತಿ.

ಎಂಟು_ಪಿನ್ನಿನ_ಕಥೆ · ಭಾನುವಾರ, ಬೆಳಿಗ್ಗೆ 9:20

ಇಲ್ಲೊಂದು ಎಚ್ಚರಿಕೆ ಸೇರಿಸ್ತೀನಿ, ಓದೋರಿಗೆ ಉಪಯೋಗ ಆಗಬಹುದು. 7010ರ ಮಿನಿ ಟವರಲ್ಲಿ ಬೋರ್ಡಿಗೆ ಹೋಗೋದು ಮಾಮೂಲಿ 24 ಪಿನ್. ಬೇಕಾದ್ರೆ ಎಸ್‌ಎಂಪಿಎಸ್ಸನ್ನೇ ಬದಲಾಯಿಸಬಹುದು. ಅದರ ನಂತರದ 7020, 9020ಗಳಲ್ಲಿ 8 ಪಿನ್ ಮಾತ್ರ. ಎಚ್‌ಪಿಯ ಎಲೈಟ್‌ಡೆಸ್ಕ್ 800 ಜಿ1ನಲ್ಲಿ 6 ಪಿನ್. ನೋಡೋಕೆ ಗ್ರಾಫಿಕ್ಸ್ ಕಾರ್ಡಿನ ವೈರ್ ಥರಾನೇ ಇರುತ್ತೆ, ಆದರೆ ಅಲ್ಲ.

ನನ್ನದು 9020. ದೊಡ್ಡ ಕಾರ್ಡ್ ಹಾಕೋ ಆಸೆಗೆ 500 ವ್ಯಾಟಿಂದು ತಂದೆ. ಕನೆಕ್ಟರ್ ಕೂರಲಿಲ್ಲ. ಊರಿನ ರಿಪೇರಿಯವರೊಬ್ಬರು ವೈರ್ ಕತ್ತರಿಸಿ ಜೋಡಿಸಿಕೊಟ್ಟರು, ಯಾವ ಬಣ್ಣ ಎಲ್ಲಿಗೆ ಅಂತ ಅಂದಾಜಲ್ಲಿ. ಆನ್ ಮಾಡಿದಾಗ "ಟಪ್" ಅಂದಿದ್ದಷ್ಟೇ. ಬೋರ್ಡ್ ಹೋಯ್ತು, ಪ್ರೊಸೆಸರ್ ಹೇಗೋ ಉಳೀತು. ಆಮೇಲೆ ನೋಡಿದರೆ 24ರಿಂದ 8 ಪಿನ್ನಿಗೆ ಬದಲಿಸೋ ರೆಡಿಮೇಡ್ ಕೇಬಲ್ಲೇ ಸಿಗುತ್ತೆ. ಆವತ್ತು ಮಾಡಿದ ಊಟ ಇನ್ನೂ ಅರಗಿಲ್ಲ.

ಕುಡ್ಲ_ಸ್ಲಿಮ್ಮು · ಭಾನುವಾರ, ಮಧ್ಯಾಹ್ನ 1:15

ನಡುವೆ ಬಾಯಿ ಹಾಕ್ತೇನೆ, ಬೇಜಾರು ಮಾಡ್ಬೇಡಿ ಮಾರಾಯ್ರೆ. ನನ್ನತ್ರ ಇರುವುದು ಅದೇ 7010, ಆದರೆ ಸಪೂರದ್ದು, ಎಸ್‌ಎಫ್‌ಎಫ್. ಮಗಳಿಗೆ ಬ್ಲೆಂಡರ್, ಅದೇ 3ಡಿ ಚಿತ್ರ ಮಾಡುವ ಸಾಫ್ಟ್‌ವೇರ್, ಕಲಿಯಬೇಕಂತೆ. ಅದಕ್ಕೆ ಈ 1650 ಹಾಕ್ಲಿಕ್ಕೆ ಆಗ್ತದಾ?

ಹುಬ್ಬಳ್ಳಿ_ಸ್ಕ್ರೂಡ್ರೈವರ್ · ಭಾನುವಾರ, ಮಧ್ಯಾಹ್ನ 2:02

ಆಗಂಗಿಲ್ಲ ಸರ್. ನಿಮ್ಮ ಡಬ್ಬಿಗೆ ಅರ್ಧ ಎತ್ತರದ ಕಾರ್ಡ, ಲೋ ಪ್ರೊಫೈಲ್ ಅಂತಾರಲ್ಲ, ಅದ ಬೇಕು. ಎಸ್‌ಎಂಪಿಎಸ್ಸೂ 240 ವ್ಯಾಟ್. ಲೋ ಪ್ರೊಫೈಲಿನ 1650 ಅದಾವ, ಆದ್ರ ಎರಡು ಸ್ಲಾಟಿನಷ್ಟು ದಪ್ಪ. ಪಕ್ಕದ ಸ್ಲಾಟ್ ಮುಚ್ಚತದ, ಗಾಳಿನೂ ಆಡಂಗಿಲ್ಲ. ನಿಮಗ ಎನ್ವಿಡಿಯಾದ್ದ ಟಿ400, ಟಿ600 ಚೊಲೋ. ಟಿ400 ಬರೇ 30 ವ್ಯಾಟ್, ಟಿ600 40. ಒಂದ ಸ್ಲಾಟು. ಆಫೀಸಿನ ಸಪೂರ ಡಬ್ಬಿ ಲೆಕ್ಕಕ್ಕ ಹಿಡದ ಮಾಡಿದ್ದವು. ಬ್ಲೆಂಡರಿಗೆ ಅಂದ್ರ 4 ಜಿಬಿದ್ದ ನೋಡ್ರಿ, 2 ಜಿಬಿಯ ಟಿ400ನೂ ಬರ್ತದ, ಅದು ಬ್ಯಾಡ.

ಜಿಟಿ 1030 ಅಂತ ಯಾರರ ಹೇಳಿದ್ರ ಅದರ ಮೆಮೊರಿ ಜಿಡಿಡಿಆರ್5 ಐತೇನು ಡಿಡಿಆರ್4 ಐತೇನು ಕೇಳ್ರಿ. ಎರಡಕ್ಕೂ ಒಂದ ಹೆಸರಿಟ್ಟಾರ. 2018ರಾಗ ಬಂದ ಡಿಡಿಆರ್4ದ್ದು ಆಮೆ.

ಮೈಸೂರು_ಕೀಫ್ರೇಮ್ · ಭಾನುವಾರ, ಸಂಜೆ 5:48

ಆಯ್ತು ಅಣ್ಣ, ಸೀಸನ್ ಲೆಕ್ಕ ಒಪ್ಪಿದೆ. ಕಾರ್ಡ್ ತಗೊಳ್ಳೋದೇ ಆದರೆ ಯಾವುದು ಬೇಡ ಅಂತ ನಾನೂ ಹೇಳ್ತೀನಿ, ಯಾಕಂದ್ರೆ ಬೆಂಗಳೂರಿಗೆ ಹೋದಾಗ ಇವನ್ನೆಲ್ಲ ಮುಂದಿಟ್ಟು ತೋರಿಸ್ತಾರೆ.

ಆರ್‌ಎಕ್ಸ್ 6400 ತೋರಿಸಿದರೆ ಬೇಡ ಅನ್ನಿ. 53 ವ್ಯಾಟ್, ಚಿಕ್ಕದು, ಆಟ ಆಡೋರಿಗೆ ಪರವಾಗಿಲ್ಲ. ಆದರೆ ಅದರಲ್ಲಿ ವಿಡಿಯೋ ಕುಗ್ಗಿಸಿ ಬರೆಯೋ ಎನ್‌ಕೋಡರೇ ಇಲ್ಲ. ಎಕ್ಸ್‌ಪೋರ್ಟ್ ಮತ್ತೆ ಪ್ರೊಸೆಸರ್ ತಲೆಗೇ ಬರುತ್ತೆ. ಜೊತೆಗೆ ಅದು ಬೋರ್ಡಿನ ಜೊತೆ ನಾಲ್ಕೇ ಲೇನಲ್ಲಿ (ಡೇಟಾ ಓಡಾಡೋ ದಾರಿ) ಮಾತಾಡುತ್ತೆ, ಹೊಸ ಬೋರ್ಡಿನ ವೇಗವಾದ ಲೇನುಗಳನ್ನ ನಂಬಿ ಮಾಡಿದ್ದು. ಇಂಟೆಲ್ ಆರ್ಕ್ ಎ380 ಎನ್‌ಕೋಡಿಂಗಲ್ಲಿ ಗಟ್ಟಿ, ನಿಜ, ಆದರೆ ಬೋರ್ಡಲ್ಲಿ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಪೂರ್ತಿ ಮೆಮೊರಿಯನ್ನ ಒಟ್ಟಿಗೆ ಮುಟ್ಟೋ ಸೌಲಭ್ಯ) ಇಲ್ಲದಿದ್ದರೆ ಅದಕ್ಕೆ ಜೀವವೇ ಇರಲ್ಲ, 7010ರ ಬಯೋಸಲ್ಲಿ ಅದಿಲ್ಲ. ಜಿಟಿಎಕ್ಸ್ 750 ಟಿಐ 60 ವ್ಯಾಟಿನ ಬಂಗಾರದಂಥ ಕಾರ್ಡ್, 2014ರಲ್ಲಿ. ಎಚ್‌ಇವಿಸಿ ಬಿಚ್ಚೋ ಭಾಗ ಅದರಲ್ಲಿ ಇಲ್ಲ. ನಿಮ್ಮ ತೊಂದರೆಯೇ ಅದಾಗಿರೋವಾಗ ತಗೊಂಡು ಏನು ಮಾಡ್ತೀರಿ?

ಅಸಲಿ 1050 ಟಿಐ ಸಿಕ್ಕಿದರೂ ನಾನು ಬಿಡ್ತೀನಿ. ಪಾಸ್ಕಲ್ ಕಾರ್ಡುಗಳಿಗೆ ಮಾಮೂಲಿ ಡ್ರೈವರ್ ಅಪ್‌ಡೇಟನ್ನ 2025ರ ಅಕ್ಟೋಬರಿಗೆ ನಿಲ್ಲಿಸ್ತೀವಿ, 2028ರ ತನಕ ಭದ್ರತೆಯ ತೇಪೆ ಮಾತ್ರ ಅಂತ ಎನ್ವಿಡಿಯಾದವರೇ ಹೇಳಿದ್ದಾರೆ. 1650 ಅದರ ಮುಂದಿನ ಪೀಳಿಗೆ, ಆ ಪಟ್ಟಿಯಲ್ಲಿಲ್ಲ. ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟ್, ವೈರಿಲ್ಲದೆ ಓಡೋದರಲ್ಲಿ ಅದು ಇನ್ನೂ ಒಳ್ಳೇದು, ಹತ್ತು ಸಾವಿರಕ್ಕೆ ಬರಲ್ಲ. 12 ವರ್ಷ ದಾಟಿದ ಯಂತ್ರಕ್ಕೆ ಅಷ್ಟು ಸುರಿಯೋದು ಮುರುಕು ಸೈಕಲ್ಲಿಗೆ ಬೆಳ್ಳಿ ಗಂಟೆ ಕಟ್ಟಿದ ಹಾಗೆ.

ಇನ್ನೊಂದು. ನಿಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಕಾರ್ಡಿನ ಡಿಕೋಡರನ್ನ (ವಿಡಿಯೋ ಬಿಚ್ಚೋ ಭಾಗ) ಬಳಸುತ್ತಾ ಅಂತ ಮೊದಲೇ ನೋಡ್ಕೊಳ್ಳಿ. ಕೆಲವದರ ಉಚಿತ ಆವೃತ್ತಿಯಲ್ಲಿ ಆ ಬಾಗಿಲು ಮುಚ್ಚಿರುತ್ತೆ. ಮುಂದೆ 10 ಬಿಟ್ 4:2:2, ಅಂದ್ರೆ ಬಣ್ಣದ ವಿವರ ಹೆಚ್ಚಿರೋ ಫೈಲು, ಬರೆಯೋ ಮಿರರ್‌ಲೆಸ್ ಕ್ಯಾಮೆರಾ ಕೊಂಡರೆ ಆ ಫೈಲನ್ನ 1650 ಬಿಚ್ಚಲ್ಲ. ಅವತ್ತು ಮತ್ತೆ ನನ್ನ ಪ್ರಾಕ್ಸಿಗೇ ಬರ್ತೀರಿ.

ಕೊಬ್ಬರಿ_ಕ್ಯಾಮೆರಾ · ಭಾನುವಾರ, ರಾತ್ರಿ 8:30

ಸಾಫ್ಟ್‌ವೇರ್ ನೋಡಿದೆ ಅಕ್ಕ, ಸೆಟ್ಟಿಂಗಲ್ಲಿ ಆ ಆಯ್ಕೆ ಇದೆ, ಈಗ ಮಂಕಾಗಿ ಕೂತಿದೆ. ನನ್ನದು ಮಿನಿ ಟವರೇ. ಪಕ್ಕದ ಮುಚ್ಚಳ ತೆಗೆದು ನೋಡಿದೆ. ಧೂಳು ಕಂಬಳಿ ಥರ ಇತ್ತು. ಉದ್ದನೆಯ ಸ್ಲಾಟು ಎರಡಿವೆ. ಯಾವುದಕ್ಕೆ?

ಹುಬ್ಬಳ್ಳಿ_ಸ್ಕ್ರೂಡ್ರೈವರ್ · ಭಾನುವಾರ, ರಾತ್ರಿ 8:44

ಪ್ರೊಸೆಸರ್ ಫ್ಯಾನಿಗೆ ಹತ್ತರ ಇರೂದಕ್ಕ. ಇನ್ನೊಂದು ನೋಡಾಕ ಅಷ್ಟ ಉದ್ದ, ಒಳಗ ನಾಕ ಲೇನಿನ ವೈರಿಂಗ್. ಅಲ್ಲಿಂದ ಹಾರ್ಡ್ ಡಿಸ್ಕ್ ಗೂಡಿನ ತನಕ ಪಟ್ಟಿ ಹಿಡದು ಅಳತಿ ಮಾಡ್ರಿ, ಮೂರು ಫ್ಯಾನಿನ ಉದ್ದನ ಕಾರ್ಡ್ ತಂದು ಪರದಾಡಬ್ಯಾಡ್ರಿ. ಒಂದ ಫ್ಯಾನಿಂದು ಸಾಕು. ಡೆಲ್ ಸೈಟಿನಿಂದ ಕೊನೀ ಬಯೋಸ್ ಅಪ್‌ಡೇಟ್ ಈಗ ಹಾಕ್ಕೋರಿ, ಕಾರ್ಡ್ ಹಾಕೂಕಿಂತ ಮೊದಲ. ಹಳೇ ಬಯೋಸಿಗೂ ಹೊಸ ಕಾರ್ಡಿಗೂ ಒಮ್ಮೊಮ್ಮೆ ಜಗಳ ಇರ್ತದ. ಅಪ್‌ಡೇಟ್ ಆಗೂ ಮುಂದ ಯುಪಿಎಸ್ ಇರ್ಲಿ, ನಡುವ ಕರೆಂಟ್ ಹೋದ್ರ ಬೋರ್ಡ ಹೋತು. ಪ್ರೊಸೆಸರಿನ ಬಿಸಿ ಹೊರಗ ಹೋಗಾಕ ಹಚ್ಚಿದ ಪೇಸ್ಟ್ ಒಣಗಿ ಸುಣ್ಣ ಆಗಿರ್ತದ, ಅದನ್ನೂ ಬದಲಿ ಮಾಡ್ರಿ. 8 ಜಿಬಿ ಒಂದ ಕಡ್ಡಿ ಇದ್ರ ಇನ್ನೊಂದು 8 ಜಿಬಿ ಡಿಡಿಆರ್3 ಜೋಡಿ ಮಾಡಿ ಹಾಕ್ರಿ. ಲ್ಯಾಪ್‌ಟಾಪಿಂದು ಬ್ಯಾರೆ, ಗಿಡ್ಡ ಇರ್ತದ, ನೋಡಿ ತಗೋರಿ.

ಎಂಟು_ಪಿನ್ನಿನ_ಕಥೆ · ಸೋಮವಾರ, ಬೆಳಿಗ್ಗೆ 8:10

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 3ನೇ ಪೀಳಿಗೆಯ ಇಂಟೆಲ್ಲಿಗೆ 11 ಅಧಿಕೃತವಾಗಿ ಬರಲ್ಲ. ಎಡಿಟಿಂಗ್ ಸಿಸ್ಟಮಲ್ಲಿ ಬ್ಯಾಂಕಿಂಗ್ ಮಾಡಬೇಡಿ. ಗಿರಾಕಿಗಳ ಪೆನ್‌ಡ್ರೈವ್ ಅದೇ ಯಂತ್ರಕ್ಕೆ ಹಾಕ್ತೀರಲ್ಲ, ಅದಕ್ಕೆ ಹೇಳಿದೆ.

ಕೊಬ್ಬರಿ_ಕ್ಯಾಮೆರಾ · ಹನ್ನೊಂದು ದಿನದ ನಂತರ, ರಾತ್ರಿ 11:20

ಬೆಂಗಳೂರಿಗೆ ಹೋಗಿ ಬಂದೆ. ಬಳಸಿದ 1650, ಒಂದೇ ಫ್ಯಾನು, ವೈರ್ ಕನೆಕ್ಟರ್ ಇಲ್ಲದ್ದು. ಅಂಗಡಿಯವರು ಅವರದೇ ಸಿಸ್ಟಮಿಗೆ ಹಾಕಿ ತೋರಿಸಿದರು. ಜಿಪಿಯು-ಝಡ್ ಹಾಕಿ ಅಂದೆ, ಮುಖ ಸ್ವಲ್ಪ ಸಿಂಡರಿಸಿದರು, ಹಾಕಿದರು. 896 ಕೋರ್, ಹೆಸರಿನ ಮುಂದೆ ಏನೂ ಇಲ್ಲ. ರ‍್ಯಾಮ್ ಕಡ್ಡಿ, ಕನ್ವರ್ಟರ್, ಪೇಸ್ಟ್ ಎಲ್ಲ ಸೇರಿ ಹತ್ತು ಸಾವಿರದ ಒಳಗೇ ಆಯ್ತು, ಬಸ್ ಚಾರ್ಜ್ ಬಿಟ್ಟು.

ಆದರೆ ಮನೆಗೆ ಬಂದು ಹಾಕಿದರೆ ಪರದೆ ಕಪ್ಪು. ಕಾರ್ಡಿನ ಫ್ಯಾನ್ ತಿರುಗ್ತಿದೆ, ವಿಂಡೋಸ್ ಶುರುವಾದ ಸದ್ದೂ ಕೇಳುತ್ತೆ, ಮಾನಿಟರ್ ಮಾತ್ರ "ಸಿಗ್ನಲ್ ಇಲ್ಲ" ಅಂತಿದೆ. ಎರಡು ಗಂಟೆಯಿಂದ ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಕೈ ಸೋತಿದೆ. ನಾಡಿದ್ದು ಅರಸೀಕೆರೆಯಲ್ಲಿ ಮದುವೆ. ಕಾರ್ಡ್ ಸತ್ತಿದೆಯಾ?

ಮೈಸೂರು_ಕೀಫ್ರೇಮ್ · ರಾತ್ರಿ 11:26

ವಿಂಡೋಸ್ ಸದ್ದು ಬಂತು ಅಂದ್ರೆ ಯಂತ್ರ ಚೆನ್ನಾಗೇ ಇದೆ. ಮಾನಿಟರ್ ವೈರ್ ಎಲ್ಲಿ ಸಿಕ್ಕಿಸಿದ್ದೀರಿ?

ಕೊಬ್ಬರಿ_ಕ್ಯಾಮೆರಾ · ರಾತ್ರಿ 11:29

ಯಾವಾಗಲೂ ಇರೋ ಕಡೆ, ಹಿಂದಿನ ನೀಲಿ ವಿಜಿಎಗೆ.

ಹುಬ್ಬಳ್ಳಿ_ಸ್ಕ್ರೂಡ್ರೈವರ್ · ರಾತ್ರಿ 11:31

ಅಯ್ಯ ನಮ್ಮಪ್ಪ! ಅದು ಬೋರ್ಡಿಂದರೀ! ಕಾರ್ಡ್ ಕೂತ ಕೂಡಲೆ ಬಯೋಸ್ ಬೋರ್ಡಿನ ಗ್ರಾಫಿಕ್ಸನ್ನ ಮಲಗಿಸಿಬಿಡ್ತದ. ಕನ್ವರ್ಟರ್ ತಗದು ಕಾರ್ಡಿನ ಎಚ್‌ಡಿಎಂಐಗೆ ಹಾಕ್ರಿ.

ಕೊಬ್ಬರಿ_ಕ್ಯಾಮೆರಾ · ರಾತ್ರಿ 11:38

ಬಂತು.

ಕನ್ವರ್ಟರ್ ಡಬ್ಬಿ ಇನ್ನೂ ಒಡೆದೇ ಇರಲಿಲ್ಲ ನಾನು. ಮನೆಯವಳು "ಇದೇನು ಪೊಟ್ಟಣ" ಅಂತ ಒಂಬತ್ತು ಗಂಟೆಗೇ ಕೇಳಿದ್ಲು, ಆಮೇಲೆ ಹೇಳ್ತೀನಿ ಸುಮ್ನಿರು ಅಂದಿದ್ದೆ. ಈಗ ಪಕ್ಕದಲ್ಲೇ ನಿಂತಿದ್ದಾಳೆ, ಏನೂ ಮಾತಾಡ್ತಿಲ್ಲ.

ಕೊಬ್ಬರಿ_ಕ್ಯಾಮೆರಾ · ಐದು ದಿನದ ನಂತರ

ಅರಸೀಕೆರೆ ಮದುವೆ ಮುಗೀತು. ಫೋನ್ ಕ್ಲಿಪ್ ಟೈಮ್‌ಲೈನಲ್ಲಿ ಓಡುತ್ತೆ. ಎರಡು ಮೂರು ಎಫೆಕ್ಟ್ ಹೇರಿದರೆ ಆಗ ಮುಗ್ಗರಿಸುತ್ತೆ, ಅಲ್ಲಿಗೆ ಅಕ್ಕನ ಪ್ರಾಕ್ಸಿ. ಎಕ್ಸ್‌ಪೋರ್ಟ್ ಮೊದಲು ಊಟ ಮಾಡಿ ಮಲಗಿ ಏಳೋಷ್ಟು ಹೊತ್ತು ಹಿಡೀತಿತ್ತು, ಈಗ ಊಟ ಮುಗಿಸೋದರಲ್ಲಿ ಆಗುತ್ತೆ. ಕಾರ್ಡಿನ ಬಿಸಿ 70 ಡಿಗ್ರಿ ದಾಟಿಲ್ಲ. ಎಸ್‌ಎಂಪಿಎಸ್ ಹಿಂದೆ ಕೈ ಇಟ್ಟು ನೋಡ್ತಾನೇ ಇದೀನಿ, ಬೆಚ್ಚಗಿರುತ್ತೆ ಅಷ್ಟೇ. ಪ್ರಾಕ್ಸಿ ಮಾಡೋವಾಗ ಒಂದು ಸಲ ಕರೆಂಟ್ ಹೋಯ್ತು. 600 ವಿಎ ಯುಪಿಎಸ್ ಸೇವ್ ಮಾಡಿ ಆಫ್ ಮಾಡೋಷ್ಟು ಹೊತ್ತು ತಡೀತು.

ಕುಡ್ಲ_ಸ್ಲಿಮ್ಮು · ಅದೇ ದಿನ, ಸಂಜೆ

ಒಳ್ಳೇದಾಯ್ತು. ನನ್ನ ಟಿ400 ಸಹ ಇವತ್ತು ಬಂತು, 4 ಜಿಬಿಯದ್ದು. ಆದರೆ ಮಾರಿದವ ಉದ್ದದ ಬ್ರಾಕೆಟ್ ಹಾಕಿ ಕಳಿಸಿದ್ದಾನೆ, ಗಿಡ್ಡದ್ದು ಡಬ್ಬಿಯಲ್ಲೇ ಇಲ್ಲ. ಬ್ರಾಕೆಟ್ ಇಲ್ಲದೆ ಹಾಗೇ ಕೂರಿಸಿದರೆ ಎಂತ ಆಗ್ತದೆ? ಮತ್ತೆ ಹಿಂದೆ ಮೂರು ಸಣ್ಣ ಸಣ್ಣ ತೂತು ಉಂಟು, ಎಚ್‌ಡಿಎಂಐ ಎಲ್ಲಿ?

ಹುಬ್ಬಳ್ಳಿ_ಸ್ಕ್ರೂಡ್ರೈವರ್ · ಅದೇ ದಿನ, ರಾತ್ರಿ

ಅವು ಮಿನಿ ಡಿಸ್‌ಪ್ಲೇಪೋರ್ಟ್ ಸರ್, ಎಚ್‌ಡಿಎಂಐ ಇರೂದಿಲ್ಲ ಅದರಾಗ. ಮಿನಿ ಡಿಸ್‌ಪ್ಲೇಪೋರ್ಟಿಂದ ಎಚ್‌ಡಿಎಂಐ ಕೇಬಲ್ ಒಂದು ತಗೋರಿ. ಬ್ರಾಕೆಟ್ ಇಲ್ದ ಓಡ್ತದ, ಆದ್ರ ಕೇಬಲ್ ಜಗ್ಗಿದಾಗ ಕಾರ್ಡ್ ಸ್ಲಾಟಿನಿಂದ ಎದ್ದು ಬರ್ತದ. ಮಗಳು ಕಾಲು ಚಾಚಿದ್ರೂ ಸಾಕು. ಗಿಡ್ಡ ಬ್ರಾಕೆಟ್ ಬ್ಯಾರೆ ಸಿಗ್ತಾವ, ಟಿ400 ಅಂತ ಹೆಸರು ಹೇಳಿ ಕೇಳ್ರಿ, ತೂತಿನ ಲೆಕ್ಕ ಕೂಡಬೇಕು. ಸಿಗೂ ತನಕ ಕೇಬಲ್ಲನ್ನ ಡಬ್ಬಿ ಹಿಂದ ಒಂದ ಟೈ ಹಾಕಿ ಬಿಗದು ಇಡ್ರಿ.

ಕುಡ್ಲ_ಸ್ಲಿಮ್ಮು · ಅದೇ ದಿನ, ರಾತ್ರಿ

ಸರಿ. ಟೈ ಉಂಟು. ಬಿಗಿದೆ.